ಎರಡೂ ಪಾಲಿನ ಮಾತು

ಹೋಟೆಲಿಗೆ ಚಾದರ, ಟವೆಲು ಒದಗಿಸುವ ವ್ಯಾಪಾರ ನನ್ನದು. ನಾನು ಸರಕು ಇಳಿಸುವುದು ನೆಲಮಾಳಿಗೆಯಲ್ಲಿ, ಟವೆಲಣ್ಣನ ಮುಂದೆ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಅವನೊಬ್ಬನೇ ಬಟ್ಟೆ ಮಡಚುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲೂ ಒಬ್ಬನೇ. ಎರಡು ವಾರಕ್ಕೊಮ್ಮೆ ನಾನು ಹೋದರೆ, ಗಂಟಲು ಸರಿಮಾಡಿಕೊಳ್ಳದೆ ಅವನಿಗೆ ಮಾತೇ ಹೊರಡುತ್ತಿರಲಿಲ್ಲ.

ಮೇಲೆ ಸ್ವಾಗತದ ಮೇಜಿನಲ್ಲಿ ಒಂದು ಜಾಗ ಖಾಲಿಯಾಯಿತು. ಮೂರು ತಿಂಗಳಲ್ಲಿ ಇಂಗ್ಲಿಷಿನಲ್ಲಿ ಮಾತಾಡಿ ತೋರಿಸಿದರೆ ಅದು ಟವೆಲಣ್ಣನಿಗೇ ಎಂದರು ಮ್ಯಾನೇಜರಮ್ಮ. ಸಂಬಳ ಅಷ್ಟೇ. ಆದರೆ ದಿನವಿಡೀ ಜನ ಬಂದು ಮಾತಾಡಿಸುವ ಜಾಗ! ಟವೆಲಣ್ಣ ಇಂಗ್ಲಿಷ್ ಕಲಿಯುವ ಪುಸ್ತಕ ಕೊಂಡೇಬಿಟ್ಟ.

"ಸಾಹುಕಾರ್ರೇ, ಗಿವ್ ಅಂದ್ರೆ ಕೊಡು, ಅಪ್ ಅಂದ್ರೆ ಮೇಲೆ. ಸೇರಿದ್ರೆ ಬಿಟ್ಟುಬಿಡು ಅಂತೆ. ಇದ್ಯಾವ ನ್ಯಾಯ?"

"ನಿನ್ನ ಭಾವ ಕೈ ಕೊಟ್ಟ ಅಂತೀಯಲ್ಲ, ಪೊಟ್ಟಣ ಕಟ್ಟಿ ಕೊಟ್ನಾ?"

ಅವನು ನಕ್ಕ. "ಹಾಗಾದ್ರೆ ಬಿಡಿಸಿ ನೋಡ್ಬಾರ್ದು, ಜೋಡೀನೇ ಕಲೀಬೇಕು."

ಪುಸ್ತಕದ ತುಂಬ ಇಬ್ಬರು ಓದಬೇಕಾದ ಸಂಭಾಷಣೆಗಳು. ಎಡಗಡೆ ಗಿರಾಕಿ, ಬಲಗಡೆ ಹೋಟೆಲಿನವನು.

"ಎಡಗಡೇದು ನೀವು ಓದ್ತೀರಾ?"

"ಅಂಗಡಿ ಯಾರು ಲುಕ್ ಆಫ್ಟರ್ ಮಾಡ್ತಾರೆ, ನಿಮ್ಮಪ್ಪನಾ?" ಎಂದು ಜಾರಿಕೊಂಡೆ. ಮೂರು ತಿಂಗಳು ಎರಡೂ ಕಡೆಯದನ್ನು ಅವನೇ ಓದಿದ.

ಪರೀಕ್ಷೆಯ ದಿನ ಬಾಗಿಲಲ್ಲಿ ನಾನೂ ಇದ್ದೆ. ಗಿರಾಕಿಯಂತೆ ಕೂತ ಮ್ಯಾನೇಜರಮ್ಮ, ಕೋಣೆಯಲ್ಲಿ ಟವೆಲು ಮುಗಿದಿದೆ ಎಂದು ಇಂಗ್ಲಿಷಿನಲ್ಲಿ ದೂರಿದರು. "ಸಾರಿ ಮೇಡಂ, ವೀ ಹ್ಯಾವ್ ರನ್ ಔಟ್. ಐ ವಿಲ್ ಲುಕ್ ಇನ್‌ಟು ಇಟ್," ಎಂದ ಟವೆಲಣ್ಣ. ವಿಚಾರಿಸುತ್ತೇನೆ ಎಂದರ್ಥ, ನನಗೇ ಹೆಮ್ಮೆಯಾಯಿತು. ಆಮೇಲೆ ಆಕೆ ಬಾಯಿ ತೆರೆಯುವಷ್ಟರಲ್ಲಿ, ಯಾವಾಗ ಸರಿಮಾಡುತ್ತೀರಿ ಎಂದು ಗಿರಾಕಿಯ ಮಾತನ್ನೂ ತಾನೇ ಆಡಿದ. ಉತ್ತರವನ್ನೂ ಕೊಟ್ಟ. ಕೊನೆಗೆ ತನಗೆ ತಾನೇ ಥ್ಯಾಂಕ್ಯೂ ಹೇಳಿಕೊಂಡು ನಿಂತ.

"ಒಂದೂ ತಪ್ಪಿಲ್ಲ ಅಣ್ಣಾ," ಎಂದರು ಆಕೆ ಮೆಲ್ಲಗೆ. "ಆದ್ರೆ ನನಗೆ ಮಾತಾಡೋಕೇ ಬಿಡ್ಲಿಲ್ವಲ್ಲ. ಇನ್ನೊಂದು ಸಲ ನೋಡೋಣ." ಜಾಗ ಬೇರೆಯವರ ಪಾಲಾಯಿತು.

ಕೆಳಗಿಳಿದು ಹೋದೆ. ಅವನು ಟವೆಲು ಮಡಚುತ್ತಿದ್ದ. ಚಾದರದ ಮೂಟೆಯ ಮೇಲೆ ಕೂತು, "ಪುಸ್ತಕ ತೆಗಿ, ಎಡಗಡೇದು ನಂದು," ಎಂದೆ. ಒಂದು ಸಾಲು ಓದಿದೆ, ಅವನು ಉತ್ತರಿಸಿದ. ನನ್ನ ಮುಂದಿನ ಸಾಲು ಹುಡುಕಲು ಹೊತ್ತು ಹಿಡಿಯಿತು. ಅವನ ತುಟಿ ಅಲುಗಿತು, ಆದರೂ ಕಾದ.

ಪುಟ ಮುಗಿಯಿತು. "ನಾಳೇನೂ ಬರ್ತೀರಾ?"

"ಸರಕು ಬಂದಾಗ ಬರ್ತೀನಿ ಬಿಡು."

ಸರಕು ಬರಲು ಇನ್ನೂ ಎರಡು ವಾರವಿತ್ತು. ಅದು ನನಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು.