ದಾನೇಶ್ವರಿಗೆ ಬಂದಿದ್ದ ಫೋನು

ಬೆಳಿಗ್ಗೆ ಚಹಾದ ಜೊತೆ ಮೊಬೈಲು ನೋಡುವ ಚಟ ಒಳ್ಳೆಯದಲ್ಲ, ನಿಮಗೂ ಗೊತ್ತಿರಬೇಕು. ಮೊನ್ನೆ ತೆರೆದರೆ ದಾನೇಶ್ವರಿಯ ಫೋಟೊ. ಸಾಫ್ಟ್‌ವೇರಿನಲ್ಲಿ ದುಡಿಯುವ ಹೆಣ್ಣುಮಕ್ಕಳ ಸಮಾವೇಶವೊಂದರಲ್ಲಿ ಮೈಕು ಹಿಡಿದು ನಿಂತಿದ್ದಾಳೆ. ವೃತ್ತಿಯಲ್ಲಿ ನಿಜವಾದ ಪರಿಚಯ ಬೆಳೆಸುವುದು ಹೇಗೆ ಎಂಬುದರ ಮೇಲೆ ಭಾಷಣವಂತೆ. ಕೆಳಗೆ ಹೊಗಳಿಕೆಯೋ ಹೊಗಳಿಕೆ. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಸುಳ್ಳೇಕೆ ಹೇಳಲಿ, ಫೋಟೊ ದೊಡ್ಡದು ಮಾಡಿ ಸೀರೆ ಹೇಗೆ ಉಟ್ಟಿದ್ದಾಳೆಂದೂ ನೋಡಿದೆ. ನೆರಿಗೆ ಸರಿಯಿರಲಿಲ್ಲ. ಸ್ವಲ್ಪ ಸಮಾಧಾನವಾಯಿತು.

ಆರು ವರ್ಷದ ಹಿಂದೆ ನಾವಿಬ್ಬರೂ ವಿಜಯಪುರದ ಬಟ್ಟೆ ಅಂಗಡಿಯೊಂದರ ಮೇಲೆ, ಎರಡು ಕೋಣೆಯ ಸಾಫ್ಟ್‌ವೇರ್ ಆಫೀಸಿನಲ್ಲಿದ್ದೆವು. ಅವಳು ತಿಕೋಟಾದಿಂದ, ನಾನು ಬಬಲೇಶ್ವರದಿಂದ ದಿನಾ ಬಸ್ಸಿಗೆ ಬರುತ್ತಿದ್ದೆವು. ಒಂದೇ ಕಾಲೇಜಿನಲ್ಲಿ ಓದಿದವರು, ನನಗೇ ಹೆಚ್ಚು ಅಂಕ. ಇದನ್ನು ಈಗಲೂ ಹೇಳದಿದ್ದರೆ ನನಗೆ ತಿಂದ ರೊಟ್ಟಿ ಅರಗುವುದಿಲ್ಲ.

ನನ್ನ ಪಾಲಿಗೆ ಪರಿಚಯವೆಂದರೆ ವಿಸಿಟಿಂಗ್ ಕಾರ್ಡು. ಎಲ್ಲಾದರೂ ಸಭೆಯಾದರೆ ದೊಡ್ಡ ಕಂಪನಿಯವರನ್ನು ಹುಡುಕಿ, ಮುಖಕ್ಕೆ ನಗು ತಂದುಕೊಂಡು, ಕಾರ್ಡು ಕೊಟ್ಟು ಬರುತ್ತಿದ್ದೆ. ಒಬ್ಬರೂ ಫೋನು ಮಾಡಲಿಲ್ಲ. ದಾನೇಶ್ವರಿ ಬರಿಗೈಯಲ್ಲಿ ಹೋಗಿ, "ನನಗ ಇದು ಬರಂಗಿಲ್ರಿ, ಒಂದೀಟು ಹೇಳಿಕೊಡ್ರಿ" ಎನ್ನುತ್ತಿದ್ದಳು. ಕೇಳಿ ನನಗೇ ನಾಚಿಕೆ. ನಮ್ಮ ಕೆಲಸದಲ್ಲಿ ಹೆಣ್ಣುಮಗಳು ಗೊತ್ತಿಲ್ಲವೆಂದು ಬಾಯಿಬಿಟ್ಟರೆ ಕಥೆ ಮುಗಿಯಿತೆಂದು ನಂಬಿದವಳು ನಾನು. ಅವಳು ಎದುರಿನವರ ತೊಡಕನ್ನೂ ಕೇಳಿಕೊಂಡು ಬರುತ್ತಿದ್ದಳು. ತಿಂಗಳ ಮೇಲೆ ಅದಕ್ಕೊಂದು ದಾರಿ ಹೊಳೆದರೆ ನೆನಪಿಟ್ಟು ಫೋನು ಮಾಡಿ ಹೇಳುತ್ತಿದ್ದಳು. ಅಷ್ಟೇ ಅವಳ ವಿದ್ಯೆ.

ಹಾಗೆ ಪರಿಚಯವಾದ ಪುಣೆಯ ಮೇಡಂ ಒಬ್ಬರು ಒಂದು ದಿನ ಆಫೀಸಿಗೇ ಫೋನು ಮಾಡಿದರು. ದಾನೇಶ್ವರಿ ಅಂದು ರಜೆ, ಅವಳ ಮೊಬೈಲು ಹತ್ತುತ್ತಿರಲಿಲ್ಲ. ತಮ್ಮಲ್ಲಿ ಮನೆಯಿಂದಲೇ ಮಾಡುವ ಕೆಲಸ ಖಾಲಿಯಿದೆ, ಸಂಜೆಯೊಳಗೆ ಅರ್ಜಿ ಹಾಕಲು ಹೇಳಿ ಎಂದರು. ಹೇಳುತ್ತೇನೆಂದೆ. ಹೇಳಲಿಲ್ಲ. ನನ್ನದೇ ಅರ್ಜಿ ಹಾಕಿದೆ. ಮೇಡಂ ವಿಚಾರಿಸಿದಾಗ, ಅವಳಿಗೆ ಮನಸ್ಸಿಲ್ಲವಂತೆ ಎಂದುಬಿಟ್ಟೆ. ಕೆಲಸ ನನಗೆ ಸಿಕ್ಕಿತು. ಪೇಢೆ ಹಂಚುವಾಗ ಮೊದಲನೆಯದನ್ನು ಅವಳಿಗೇ ಕೊಟ್ಟೆ. ಚಲೋ ಆತು ಬೇ ಎಂದು ತಿಂದಳು.

ಈಗ ಆ ಕಂಪನಿ ನಮ್ಮ ತಂಡವನ್ನೇ ಮುಚ್ಚಿದೆ. ನನ್ನ ಕೈಕೆಳಗೆ ಕೆಲಸ ಕಲಿತ ನಿಡೋಣಿಯ ಸವಿತಾ ಕೂಡ ನನ್ನಂತೆ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದಾಳೆ. ದಾನೇಶ್ವರಿಯ ಈಗಿನ ಕಂಪನಿಯಲ್ಲಿ ಒಂದು ಜಾಗ ಇದೆಯೆಂದು ಸುದ್ದಿ. ಅವಳು ಒಂದು ಮಾತು ಹೇಳಿದರೆ ನನಗೆ ಆಗುತ್ತದೆ. ನೋಡಿ ನನ್ನ ಹಣೆಬರಹ, ಯಾರನ್ನು ಕಂಡರೆ ಉರಿಯುತ್ತದೋ ಅವಳ ಬಾಗಿಲಿಗೇ ಹೋಗಬೇಕು. ಎರಡು ದಿನ ಮೆಸೇಜು ಬರೆದೆ, ಅಳಿಸಿದೆ. ಕೊನೆಗೆ ಫೋನೇ ಮಾಡಿದೆ. ಕೆಲಸದ ಮಾತೆತ್ತುವ ಮೊದಲೇ ಪುಣೆಯ ಮೇಡಂ ಸಂಗತಿ ಬಾಯಿಂದ ಹೊರಗೆ ಬಿತ್ತು.



"ಪೇಢೆ ತಿನ್ನುವಾಗನ ಗೊತ್ತಿತ್ತು ನನಗ. ನಿನಗ ಕೆಲಸ ಆದಮ್ಯಾಲ ಮೇಡಂ ಫೋನ್ ಮಾಡಿ, ಯಾಕ ಬ್ಯಾಡಂದಿ ಅಂತ ಕೇಳಿದ್ರು. ನೀನಾಗಿ ಹೇಳ್ತಿ ಅಂತ ಆರು ವರ್ಷ ಕಾದೆ" ಎಂದಳು.

ತಪ್ಪಾಯಿತು ಎಂದೆ. ನಾಚಿಕೆ ಬಿಟ್ಟು ಕೆಲಸದ ವಿಷಯವನ್ನೂ ಕೇಳಿದೆ.

"ಜಾಗಾ ಖಾಲಿ ಐತಿ, ವಿವರ ಕಳಸ್ತೀನಿ, ಅರ್ಜಿ ಹಾಕು. ಆದ್ರ ನಿನ್ನ ಹೆಸರು ನಾ ಹೇಳಂಗಿಲ್ಲ. ಸಿಟ್ಟು ಹೋಗೇತಿ, ನಂಬಿಕಿ ಇನ್ನೂ ಬಂದಿಲ್ಲ ನೋಡು."

ವಿವರ ಬಂತು, ಅರ್ಜಿ ಹಾಕಿದೆ. ಹೊಟ್ಟೆಯುರಿ ಆರಿತೆಂದುಕೊಂಡಿರಾ? ಇಷ್ಟು ನೆಟ್ಟಗೆ ಮಾತಾಡುವುದು ಅವಳಿಗೆ ಹೇಗೆ ಬರುತ್ತದೆಂದು ಇನ್ನಷ್ಟು ಉರಿಯಿತು. ಆದರೂ ಅದೇ ವಿವರವನ್ನು ಸವಿತಾಳಿಗೂ ಕಳಿಸಿದೆ. ಜಾಗ ಒಂದೇ, ಹುಡುಗಿ ನನಗಿಂತ ಚುರುಕು. ಅವಳಿಗೆ ಸಿಕ್ಕರೆ ನನಗೆ ಉರಿಯದೆ ಇರುವುದಿಲ್ಲ. ಉರಿಯಲಿ. ಸುದ್ದಿ ಅವಳಿಗೆ ಮುಟ್ಟಿದೆ.