ತಂಬಿಗೆಯ ಹಳದಿ ನೀರು

ಅವತ್ತು ಬೆಳಿಗ್ಗೆ ಸ್ಟೋವಿಗೆ ಸೀಮೆಎಣ್ಣೆ ತುಂಬಿದೆ, ನೀರಿನ ಮಾದರಿಯ ಬಾಟಲಿಗಳನ್ನು ಇಡ್ಲಿ ಪಾತ್ರೆಯಲ್ಲಿ ಕುದಿಸಿದೆ, "ಇನ್ನ ಇದರಾಗ ಇಡ್ಲಿ ಮಾಡೂದಿಲ್ಲ ನೋಡ್ರಿ" ಎಂದು ಹೆಂಡತಿಯಿಂದ ಅನ್ನಿಸಿಕೊಂಡೆ, ಸೈಕಲ್ಲಿಗೆ ಗಾಳಿ ಹೊಡೆದೆ, ಬ್ಲೀಚಿಂಗ್ ಪೌಡರಿನ ಚೀಲವನ್ನು ಕ್ಯಾರಿಯರಿಗೆ ಕಟ್ಟಿದೆ. ಎಂಬತ್ತರ ದಶಕದ ಮೊದಲ ವರ್ಷಗಳು. ಕೊಪ್ಪಳ ತಾಲ್ಲೂಕಿನಲ್ಲಿ ನಾನು ಆರೋಗ್ಯ ನಿರೀಕ್ಷಕ. ಇರಕಲ್ಲಗಡದ ಕಡೆಯ ಒಂದು ಹಳ್ಳಿಯ ಬಾವಿ ನೋಡುವುದಿತ್ತು. ಅದರ ಪಕ್ಕದೂರಲ್ಲಿ ವಾಂತಿಭೇದಿ ಶುರುವಾಗಿತ್ತು.

ಹಿಂದಿನ ಸಲ ಹೋದಾಗ ಅಲ್ಲಿನ ಹೆಂಗಸರಿಗೆ ತಿಳಿಸಿ ಹೇಳಿದ್ದೆ: ಗಾಜಿನ ನಳಿಗೆಯ ನೀರಿಗೆ ಎರಡು ಹನಿ ಔಷಧಿ ಬಿಟ್ಟಾಗ ತೆಳು ಹಳದಿಯಾದರೆ ಬ್ಲೀಚಿಂಗ್ ಪುಡಿಯ ಅಂಶ ಇದೆ, ಚಿಂತೆಯಿಲ್ಲ; ಆಗದಿದ್ದರೆ ಬಾವಿಗೆ ಪುಡಿ ಹಾಕಲೇಬೇಕು.

ಬಾವಿಯ ಎದುರು ಮನೆಯಲ್ಲಿ ಮರುದಿನ ಮದುವೆ. ಹಂದರ ಎದ್ದಿತ್ತು. ನಾನು ಸೈಕಲ್ ನಿಲ್ಲಿಸುವಷ್ಟರಲ್ಲಿ ಆ ಮನೆಯ ಅಜ್ಜಿ ತಂಬಿಗೆ ಹಿಡಿದು ಬಂದಳು.

"ನೀವ್ಯಾಕ ಹಗ್ಗ ಜಗ್ಗತೀರಿ ಸಾಹೇಬರ? ನಾನ ತಂದೀನಿ ನೋಡ್ರಿ."

ನಳಿಗೆಗೆ ಸುರಿದರೆ ನೀರು ಆಗಲೇ ಹಳದಿ!

"ಅಜ್ಜೀ, ಔಷಧಿ ಇನ್ನೂ ಹಾಕೇ ಇಲ್ಲಲ್ಲ?"

"ಛಲೋ ನೀರು ಹಂಗ ಇರತಾವ ಬಿಡ್ರಿ."

ತಂಬಿಗೆಯ ತಳದಲ್ಲಿ ಅರಿಶಿಣ ಕೂತಿತ್ತು. ಕೊಡ ಹೊತ್ತ ಹೆಂಗಸೊಬ್ಬಳು ನಗು ತಡೆಯಲಾರದೆ, "ಮದುಮಗಳಿಗೆ ಹಚ್ಚೂ ಅರಿಶಿಣ ಸಾಹೇಬರ ನೀರಿಗೆ ಹಚ್ಯಾಳ ಮುದುಕಿ!" ಎಂದಳು.

ಅಜ್ಜಿ ಮಾತ್ರ ನಗಲಿಲ್ಲ. "ಪುಡಿ ಹಾಕಿದ ನೀರಾಗ ಬ್ಯಾಳಿ ಬೇಯೂದಿಲ್ಲಂತ. ಸಂಜೀಕ ಕುಷ್ಟಗಿ ಬೀಗರು ಬರತಾರ. ಬ್ಯಾಳಿ ಕಲ್ಲಾದ್ರ ನಮ್ಮ ಹುಡುಗಿಗೆ ಸಾಯೂತನಕ ಆಡಿಕೋತಾರಪ್ಪ."

"ಬೀಗರಿಗೆ ವಾಂತಿಭೇದಿ ಆದ್ರ ಏನಂತಾರ?"

ಅಜ್ಜಿ ತಂಬಿಗೆಯ ಹಳದಿ ನೀರನ್ನು ಪಕ್ಕಕ್ಕೆ ಚೆಲ್ಲಿದಳು.

"ಪುಡಿ ಹಾಕತೀನಿ. ಅದ ನೀರಾಗ ಬ್ಯಾಳಿ ಇಡ್ರಿ, ನಾ ಇಲ್ಲೇ ಕೂಡತೀನಿ. ಬೇಯಲಿಲ್ಲಂದ್ರ ಬೀಗರ ಕಡಿಂದ ನಾನ ಬೈಸಿಕೋತೀನಿ."

"ಓಡಿ ಹೋಗಂಗಿಲ್ಲ ಮತ್ತ!" ಎಂದು ಅಜ್ಜಿ ನನ್ನ ಸೈಕಲ್ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಬಾವಿಗಿಳಿಸಿ ಅಲ್ಲಾಡಿಸಿದೆ. ಒಂದು ತಾಸು ಬಿಟ್ಟು ನಾನೇ ನೀರು ಸೇದಿ ಎರಡು ಹನಿ ಬಿಟ್ಟೆ. ತೆಳು ಹಳದಿ. ಅಜ್ಜಿ ಬಗ್ಗಿ ನೋಡಿ, "ನನ್ನದ ಇದಕ್ಕಿಂತ ಛಲೋ ಹಳದಿ ಆಗಿತ್ತು" ಎಂದಳು.

ತೊಗರಿಬೇಳೆ ಒಲೆಯ ಮೇಲೆ ಕುದಿಯತೊಡಗಿತು. ಅಜ್ಜಿ ಮುಚ್ಚಳ ತೆಗೆದದ್ದೆಷ್ಟು ಸಲವೋ. ಕೊನೆಗೊಮ್ಮೆ ಸೌಟಿನಿಂದ ಒಂದು ಕಾಳು ತೆಗೆದು ಬೆರಳಲ್ಲಿ ಒತ್ತಿದಳು. ಬೆಣ್ಣೆಯ ಹಾಗೆ ಹಿಸುಕಿಹೋಯಿತು. ಸೊಂಟದಿಂದ ಕೀಲಿ ತೆಗೆದು ನನ್ನ ಕೈಗಿತ್ತಳು.

"ಮತ್ತ ನೀರಿನ ಪುಡಿ ವಾಸನಿ?" ಎಂದು ಕೇಳಿದಳು.

"ಕೊಡ ತುಂಬಿ, ತೆಳ್ಳನ್ನ ಅರಿವಿ ಕಟ್ಟಿ ಇಡ್ರಿ. ಸಂಜಿ ಆಗೂದರಾಗ ಹೋಗತೈತಿ."

ಮಧ್ಯಾಹ್ನ ಹಂದರದ ಕೆಳಗೆ ಬಿಸಿ ಜೋಳದ ರೊಟ್ಟಿ, ಅದೇ ಬೇಳೆ, ಶೇಂಗಾ ಚಟ್ನಿ ಹಿಂಡಿ, ಹಸಿ ಉಳ್ಳಾಗಡ್ಡಿ ಉಂಡೆವು. ಮದುವೆ ಕೆಲಸದಲ್ಲಿ ಮೂರು ದಿನದಿಂದ ಕಣ್ಣು ಮುಚ್ಚಿರದ ಅಜ್ಜಿ ಉಂಡ ಗಂಗಾಳ ತೊಳೆಯುವ ಮೊದಲೇ ಹಂದರದ ಕಂಬಕ್ಕೆ ಒರಗಿ ನಿದ್ದೆ ಹೋದಳು. ಅವಳ ಹಿಂದೆಯೇ ನನಗೂ ನಿದ್ದೆ ಹತ್ತಿತು.