ಒಗೆಯದ ವಲ್ಲಿ

ಮೊನ್ನೆ ಟ್ರಂಕು ತೆರೆದಾಗ ಕೆಂಪು ಅಂಚಿನ ಹಳೆಯ ವಲ್ಲಿ ಕೈಗೆ ಬಂತು. ಮದರಾಸಿನಲ್ಲಿ ಬಿ.ಎ. ಓದಿ, ಕಣ್ಣಾರೆ ಕಂಡದ್ದನ್ನೂ ಅನುಮಾನಿಸುವ ನಾನು ಈ ವಯಸ್ಸಿನಲ್ಲಿ ಹೆಗಲಬಟ್ಟೆ ಮೂಸುತ್ತ ಕುಳಿತದ್ದನ್ನು ನೋಡಿದ್ದರೆ ನೀವು ನಗುತ್ತಿದ್ದಿರಿ.

ನನ್ನ ಹೆಂಡತಿಯ ತವರು ಕಂಪ್ಲಿ. ಅವರ ಮನೆಯಲ್ಲೊಂದು ಪದ್ಧತಿ. ಹೆಣ್ಣು ನೋಡಲು ಬಂದ ಗಂಡು ತನ್ನ ವಲ್ಲಿಯನ್ನು ಮರೆತವನಂತೆ ಬಿಟ್ಟು ಹೋಗಬೇಕು. ಹುಡುಗಿ ಅದನ್ನು ತಲೆಯಡಿ ಇಟ್ಟುಕೊಂಡು ಮಲಗುತ್ತಾಳೆ. ಒಗೆದು ಮರಳಿಸಿದರೆ ಒಲ್ಲೆನೆಂದು ಅರ್ಥ. ಒಗೆಯದೆ ಮಡಚಿ ಕಳಿಸಿದರೆ ಒಪ್ಪಿಗೆ. ಮುಖ ಸುಳ್ಳು ಹೇಳೀತು, ಬೆವರು ಹೇಳದು ಎಂಬುದು ಅವರ ನಂಬಿಕೆ. ಗಂಡಿನ ಓದು, ಹೊಲ ಎಲ್ಲ ಆಮೇಲೆ.

ಅವಳನ್ನು ನೋಡಲು ಹೊಸಪೇಟೆಯಿಂದ ಬುಕ್ಕಸಾಗರದ ಹಾದಿ ಹಿಡಿದು ಬಂಡಿ ಹೊರಡುವ ಹೊತ್ತಿಗೆ ನನ್ನ ವಲ್ಲಿ ಹಗ್ಗದ ಮೇಲೆ ಇನ್ನೂ ಹಸಿಯಾಗಿತ್ತು. ಟ್ರಂಕಿನಿಂದ ಇನ್ನೊಂದನ್ನು ಎಳೆದುಕೊಂಡೆ, ಅದನ್ನೇ ಕಂಪ್ಲಿಯಲ್ಲಿ ಬಿಟ್ಟು ಬಂದೆ. ಮೂರನೆಯ ದಿನ ಅದು ಒಗೆಯದೆ ಬಂತು. ನಾನು ಬೀಗುತ್ತಿದ್ದರೆ ಅವ್ವ ಅದನ್ನು ಎದೆಗೊತ್ತಿಕೊಂಡಳು.

"ಲೇ, ಇದು ನಿಮ್ಮಣ್ಣಂದು. ಹೊಳಿ ದಂಡ್ಯಾಗ ಸಿಕ್ಕಿದ್ದು. ನಾ ಒಗದಿಲ್ಲ."

ಅಣ್ಣ ಹಿಂದಿನ ವರ್ಷ ತುಂಗಭದ್ರೆಯಲ್ಲಿ ಈಜಲು ಇಳಿದು ಮುಳುಗಿದ್ದ. ಬಂಡೆಯ ಮೇಲೆ ಬಿಟ್ಟಿದ್ದ ವಲ್ಲಿಗೆ ನೀರು ತಗುಲಿರಲಿಲ್ಲ. ಅದನ್ನು ನಾನೇ ನೋಡಿದ್ದೆ. ಅಥವಾ ನೋಡಿದೆನೆಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ.

ಹುಡುಗಿಗೆ ಯಾರೂ ಹೇಳಲಿಲ್ಲ. ಮದುವೆಯಾಯಿತು. ಅವಳು ಒಪ್ಪಿದ್ದು ನನ್ನನ್ನೋ ಅಣ್ಣನನ್ನೋ ಎಂಬ ಪ್ರಶ್ನೆಯೂ ನನ್ನೊಡನೆ ಸಂಸಾರ ಹೂಡಿತು. ಮೊದಲ ಬೇಸಿಗೆಯ ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದವಳು ಬಾಗಿಲ ಕಡೆ ತಿರುಗಿ, "ಬಂದ್ರ್ಯಾ? ಮತ್ತ ಹೊಳಿಗೆ ಹೋಗಿದ್ರೇನು? ತೋಯ್ದ ವಾಸನಿ ಬರಾಕತ್ತೈತಿ," ಎಂದಳು. ನಾನು ಅವಳ ಬೆನ್ನ ಹಿಂದೆಯೇ ಒಣ ಅಂಗಿಯಲ್ಲಿ ಕುಳಿತಿದ್ದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಬಚ್ಚಲ ವಾಸನೆಯಿರಬೇಕೆಂದು ತರ್ಕ ಹೂಡಿ, ರೊಟ್ಟಿ ತಿಂದೆ.

ಮೊನ್ನೆ ಅವಳೇ ಒಳಗೆ ಬಂದಳು. "ಏನ್ರಿ, ಮುದುಕರಾದ ಮ್ಯಾಲೆ ವಲ್ಲಿ ಮೂಸಾಕತ್ತೀರಿ? ಯಾವ ಹೆಣ್ಣು ನಿಮ್ಮನ್ನ ನೋಡಾಕ ಬಂದಾಳ?" ಎಂದು ನಗುತ್ತ ಕಸಿದುಕೊಂಡು ತಾನೂ ಮೂಸಿದಳು. ನಗು ನಿಂತಿತು.

"ಯಾರ್ದು ಅದು?" ಎಂದೆ.

"ನಿಮ್ದಲ್ಲ. ಆವತ್ತೇ ಗೊತ್ತಿತ್ತು. ನೀವು ಕುಂತು ಎದ್ದ ಚಾಪಿಗೆ ಈ ವಾಸನಿ ಇರ್ಲಿಲ್ಲ."

"ಮತ್ತ ಯಾಕ ಒಗೀದ ಕಳಸಿದಿ?"

ಅವಳು ವಲ್ಲಿಯನ್ನು ನಿಧಾನವಾಗಿ ಮಡಚಿದಳು. ನನ್ನ ಮುಖವನ್ನೇ ನೋಡುತ್ತ ಕೇಳಿದಳು, "ಈಗ ಒಗ್ದು ಹಾಕ್ಲೇನ್ರಿ?"

ಹೂಂ ಎನ್ನಲು ಬಾಯಿ ತೆರೆದೆ.

"ಬ್ಯಾಡ," ಎಂಬ ದನಿ ಕೇಳಿತು. ನನ್ನದೇ ಇರಬೇಕು, ಕೋಣೆಯಲ್ಲಿ ಬೇರೆ ಗಂಡಸರು ಇರಲಿಲ್ಲ.